ಆಯಿ ಕೇಳಿದ ನದಿಯ ಹೆಸರು

ಮಠದ ಊಟದ ಮನೆಯಲ್ಲಿ ಕಾಶೀವಾಸಿಗಳು ಕೂರುವ ಸಾಲಿಗೆ ಒಂದು ಕ್ರಮವಿತ್ತು. ಯಾರು ಮೊದಲು ಕಾಶಿಗೆ ಬಂದರೋ ಅವರ ಎಲೆ ಅಡುಗೆಮನೆಯ ಬಾಗಿಲಿಗೆ ಹತ್ತಿರ. ಆಮೇಲೆ ಬಂದವರು ಅವರ ಪಕ್ಕ. ಹೊಸಬರು ತುದಿಯಲ್ಲಿ, ಕೈ ತೊಳೆಯುವ ನಲ್ಲಿಯ ಹತ್ತಿರ. ವಯಸ್ಸು, ಊರಲ್ಲಿರುವ ಹೊಲ, ಮಕ್ಕಳ ನೌಕರಿ, ಇವು ಯಾವುವೂ ಅಲ್ಲಿ ನಡೆಯುತ್ತಿರಲಿಲ್ಲ. ಕಾಶಿಯ ಎಲ್ಲೆ ದಾಟದೆ ಕಳೆದ ವರ್ಷಗಳೇ ಹಿರಿತನ. ನನ್ನ ಅಪ್ಪ ಆ ಮಠದ ಅಡುಗೆಯವನು. ಬಾಗಿಲಿಂದ ಶುರುಮಾಡಿ ಬಡಿಸುತ್ತ ಹೋಗುತ್ತಿದ್ದ. ಮೊದಲ ಎಲೆಗೆ ಸುಡುವ ಸಾರು ತುದಿ ಮುಟ್ಟುವಷ್ಟರಲ್ಲಿ ಆರಿರುತ್ತಿತ್ತು.

ಆಯಿಯದು ಮೂರನೆಯ ಎಲೆ.

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಅವಳು ನನ್ನ ಸ್ವಂತ ಅಜ್ಜಿಯಲ್ಲ. ವಿಜಾಪುರದ ಕಡೆಯ ಒಂದು ಹಳ್ಳಿಯವಳು, ಅಪ್ಪನ ಸೀಮೆಯವಳು. ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದು, ಸೊಂಟದ ಮಟ್ಟ ಗಂಗೆಯಲ್ಲಿ ನಿಂತು, ಇನ್ನು ಸಾಯುವ ತನಕ ಈ ಕ್ಷೇತ್ರದ ಎಲ್ಲೆ ದಾಟುವುದಿಲ್ಲ ಎಂದು ಸಂಕಲ್ಪದ ನೀರು ಬಿಟ್ಟವಳು. ಹನುಮಾನ್ ಘಾಟಿನ ಗಲ್ಲಿಯಲ್ಲಿ ನಮ್ಮ ಖೋಲಿಗೆ ಅಂಟಿದ ಖೋಲಿ ಅವಳದು. ಊರಲ್ಲಿ ಅವಳ ಒಬ್ಬಳೇ ಮಗಳು ತೀರಿಕೊಂಡ ಸುದ್ದಿ ಬಂದಾಗಲೂ ಅವಳು ಹೋಗಲಿಲ್ಲ. ಘಾಟಿಗೆ ಇಳಿದು ಮುಳುಗಿ ಬಂದು ಬಾಗಿಲು ಹಾಕಿಕೊಂಡಳು. ಮರುದಿನ ಮಠಕ್ಕೆ ಬಂದು ತನ್ನ ಎಲೆಯ ಮುಂದೆ ಕೂತಳು. ಆ ಮೂರನೆಯ ಎಲೆ ಅವಳಿಗೆ ಪುಕ್ಕಟೆ ಬಂದದ್ದಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮುಂದಿನದು ಆಯಿತು.

ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಅಪ್ಪನಿಗೆ ತನ್ನ ಹೆಸರು ಬರೆಯಲು ಬರುತ್ತಿತ್ತು, ಅವ್ವನಿಗೆ ಅದೂ ಇಲ್ಲ. ನಾನು ಓದಿದ್ದು ಹಿಂದಿಯಲ್ಲಿ, ಮಸಿ ಹಿಡಿದ ಖೋಲಿಯಲ್ಲಿ, ಯಾತ್ರಿಕರ ಪಾತ್ರೆಗಳ ಸದ್ದಿನ ನಡುವೆ. ಪರೀಕ್ಷೆಯ ದಿನಗಳಲ್ಲಿ ಆಯಿ ಎದುರಿಗೆ ಕೂತು ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಅವಳಿಗೆ ಅಕ್ಷರ ಬಾರದು, ಹಿಂದಿ ಅರ್ಧಂಬರ್ಧ, ಸಂಸ್ಕೃತ ಇಲ್ಲವೇ ಇಲ್ಲ. ಆದರೂ ಹಿಡಿಯುತ್ತಿದ್ದಳು.

"ಅಲ್ಲಿ ನಿಂತಿ ನೀ. ಮತ್ತೊಮ್ಮೆ ಹೇಳು."

"ನಿಂಗೇನ್ ತಿಳೀತೈತಿ ಆಯಿ, ಸುಮ್ನ ಕೂಡು."

"ಅರ್ಥ ತಿಳ್ಯಾಂಗಿಲ್ಲ. ನಿಂತದ್ದು ತಿಳೀತೈತಿ. ಹೇಳು."

ಎಲ್ಲೂ ತಡವರಿಸದೆ ಹೇಳುವ ತನಕ ಬಿಡುತ್ತಿರಲಿಲ್ಲ. ಬಿ.ಎ. ಫಲಿತಾಂಶ ಪೇಪರಿನಲ್ಲಿ ಬಂದ ದಿನ ಅಪ್ಪ ಆ ಪೇಪರನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಡಿಸಿದ. ಯಾರು ಕೇಳಲಿ ಬಿಡಲಿ, ನನ್ನ ನಂಬರಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ಆಯಿ ಮೂರನೆಯ ಎಲೆಯಿಂದ, "ಅರ್ಧಾ ನನ್ನ ನಂಬರ ಅದು" ಅಂದಳು. ಸಾಲೆಲ್ಲ ನಕ್ಕಿತು.

ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ಇಬ್ಬರು ಗೆಳತಿಯರು ಜಲಪಾತ ನೋಡಲು ಹೊರಟರು, ನನ್ನನ್ನೂ ಕರೆದರು. ಒಬ್ಬಳು ಬಂಗಾಲಿ ಟೋಲಾ ಎಂಬ ಓಣಿಯವಳು, ಇನ್ನೊಬ್ಬಳು ಜೀಪಿದ್ದ ಮನೆಯವಳು. ಆ ಜೀಪನ್ನು ಅವಳ ಅಣ್ಣ ಓಡಿಸುತ್ತಿದ್ದ, ನಾವೆಲ್ಲ ಭೈಯಾ ಎನ್ನುತ್ತಿದ್ದೆವು. ಗಂಗೆಯ ಆಚೆ, ಚಕಿಯಾ ದಾಟಿದರೆ ವಿಂಧ್ಯದ ಗುಡ್ಡಗಳು, ಚಂದ್ರಪ್ರಭಾ ಅಭಯಾರಣ್ಯ, ಅದರೊಳಗೆ ಅದೇ ಹೆಸರಿನ ನದಿ, ಆ ನದಿಯ ರಾಜದರಿ, ದೇವದರಿ ಎಂಬ ಎರಡು ಜಲಪಾತ. ಬೆಳಗ್ಗೆ ಹೋದರೆ ಸಂಜೆಗೆ ವಾಪಸ್. ಮುಂದೆ ಒಬ್ಬಳಿಗೆ ಮದುವೆ, ಇನ್ನೊಬ್ಬಳು ಕಲಕತ್ತೆಗೆ. ಮೂವರೂ ಒಟ್ಟಿಗೆ ಹೋಗುವ ಮಾತು ಮತ್ತೆ ಇರಲಿಲ್ಲ.

ನಮ್ಮ ಮನೆಯಲ್ಲಿ ಯಾರೂ ಹೀಗೆ ಹೋದವರಲ್ಲ. ಪ್ರಯಾಣವೆಂದರೆ ಹೆಣಕ್ಕೆ, ಮದುವೆಗೆ, ಇಲ್ಲ ದೇವರಿಗೆ. "ಕಾಡು ನೋಡಾಕ" ಎಂದು ನಾನಂದಾಗ ಅಪ್ಪನಿಗೆ ಅರ್ಥವೇ ಆಗಲಿಲ್ಲ.

"ಅಲ್ಲಿ ಗುಡಿ ಐತೇನು?"

"ಇಲ್ಲಪ್ಪ. ನೀರು ಬೀಳ್ತೈತಿ."

"ನೀರು ಇಲ್ಲೂ ಐತೆಲ್ಲ." ಆಮೇಲೆ, "ಹಿರೇ ಹೆಣ್ಮಕ್ಕಳು ಒಬ್ರು ಜೋಡಿ ಬಂದ್ರ ಹೋಗು. ಬರೇ ಹುಡಿಗ್ಯಾರು ಅಂದ್ರ ಬ್ಯಾಡ" ಅಂದ.

ಪಿತೃಪಕ್ಷ ಹತ್ತಿರ ಬಂದಿತ್ತು, ಊರಿನ ಯಾತ್ರಿಕರಿಂದ ಗಲ್ಲಿ ತುಂಬಿತ್ತು, ಅವ್ವ ಒಲೆ ಬಿಟ್ಟು ಏಳುವಂತಿರಲಿಲ್ಲ. ಗೆಳತಿಯರ ತಾಯಂದಿರಿಗೂ ಆಗಲಿಲ್ಲ. ಉಳಿದವಳು ಆಯಿ ಒಬ್ಬಳೇ. ಅವಳು ಎಲ್ಲೆ ದಾಟುವ ಹಾಗಿಲ್ಲ.

ನನ್ನ ತಲೆಯಲ್ಲಿ ಆಗ ಡಿಗ್ರಿ ಬಿಸಿಯಾಗಿ ಕೂತಿತ್ತು. ಆಯಿಯ ಎದುರು ಕೂತೆ. ಕಾಶಿಯ ಮಣ್ಣು ಅಂಗಾಲಿಗೆ ತಾಗಿಕೊಂಡಿದ್ದರೆ ಎಲ್ಲೆ ದಾಟಿದ ಹಾಗಲ್ಲ, ಹಾಗಂತ ಶಾಸ್ತ್ರದಲ್ಲಿದೆ ಎಂದು ಹೇಳಿದೆ. ಅವಳು ನನ್ನನ್ನೇ ನೋಡಿದಳು.

"ಯಾವ ಶಾಸ್ತ್ರದಾಗ?"

ಸಂಸ್ಕೃತ ನನ್ನ ಒಂದು ವಿಷಯವಾಗಿತ್ತು. ಪಠ್ಯದಲ್ಲಿದ್ದ ಒಂದು ಶ್ಲೋಕ ಹೇಳಿದೆ. ಅದು ಮಳೆಗಾಲದ ವರ್ಣನೆ. ಮೋಡ, ನವಿಲು, ಕೊಕ್ಕರೆ. ಎಲ್ಲೂ ತಡವರಿಸಲಿಲ್ಲ, ಒಂದೇ ಉಸಿರಿಗೆ ಹೇಳಿದೆ. ಹಾಗೆ ಹೇಳುವುದನ್ನು ಅವಳೇ ಕಲಿಸಿದ್ದಳು.

ಆಯಿ ಶ್ಲೋಕ ಮುಗಿಯುವ ತನಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ, "ನಮ್ಮ ಸೀಮ್ಯಾಗ ನೀರು ಬಾವ್ಯಾಗಿಂದ ಮ್ಯಾಲ ಬರ್ತಿತ್ತು. ಮ್ಯಾಲಿಂದ ಬೀಳೂದು ನಾ ನೋಡೇ ಇಲ್ಲ" ಅಂದಳು.

ಈ ಮಾತನ್ನು ಆಮೇಲೆ ಎಷ್ಟೋ ಸಲ ನಾನು ಹಿಡಿದು ನಿಂತಿದ್ದೇನೆ. ನೋಡು, ಅವಳಿಗೂ ಆಸೆ ಇತ್ತು, ನಾನು ಎಳೆದುಕೊಂಡು ಹೋಗಲಿಲ್ಲ ಎಂದು. ನಿಜವೇ. ಆದರೆ ಆಸೆ ಇದ್ದವರು ಎಷ್ಟೋ ವರ್ಷ ಅದನ್ನು ಅದುಮಿಟ್ಟು ಕೂತಿರುತ್ತಾರೆ. ಬಾಗಿಲು ತೆಗೆದವಳು ನಾನು.

ಅಪ್ಪನಿಗೂ ಅದೇ ಶಾಸ್ತ್ರ ಹೇಳಿದೆ. ಅವನು ಸೌಟು ಹಿಡಿದುಕೊಂಡೇ ಕೇಳಿದ. "ನೀ ಓದಿದಾಕಿ. ನಿಂಗ ಗೊತ್ತು" ಅಂದ. ಅಷ್ಟೇ. ಅವನ ಮುಖದಲ್ಲಿ ಹೆಮ್ಮೆ ಇತ್ತು, ಅದನ್ನು ನೋಡಲಾರದೆ ನಾನು ಬುತ್ತಿಯ ಬಟ್ಟೆ ಹುಡುಕುವ ನೆಪದಲ್ಲಿ ಒಳಗೆ ಹೋದೆ.

ಹೊರಡುವ ಬೆಳಗ್ಗೆ ಆಯಿ ಘಾಟಿಗಿಳಿದು ಒಂದು ಮುಷ್ಟಿ ಗಂಗೆಯ ಹಸಿಮಣ್ಣು ತಂದಳು. ನೀಲಿ ಪಟ್ಟಿಯ ಹವಾಯಿ ಚಪ್ಪಲಿಗೆ ರೊಟ್ಟಿ ತಟ್ಟಿದ ಹಾಗೆ ಆ ಮಣ್ಣು ತಟ್ಟಿ, ಅದರ ಮೇಲೆ ಅಂಗಾಲಿಟ್ಟಳು. ಜೀಪು ಹತ್ತುವಾಗ ಚಪ್ಪಲಿ ಜಾರದಿರಲೆಂದು ಬೆರಳು ಮಡಚಿ ಹಿಡಿದಿದ್ದಳು. ಬಂಗಾಲಿ ಟೋಲಾದವಳು ನನ್ನ ಕಿವಿಯಲ್ಲಿ, "ನಿಮ್ಮಜ್ಜಿ ಕಾಲಿಗೆ ಏನಾಗಿದೆ?" ಅಂದಳು. ವಿಷಯ ಕೇಳಿದ ಭೈಯಾ ಕನ್ನಡಿಯಲ್ಲಿ ನೋಡುತ್ತ ಹಿಂದಿಯಲ್ಲಿ ಹೇಳಿದ: "ಮಾತಾಜಿ, ಒಳ್ಳೇದೇ ಮಾಡಿದಿರಿ. ಆಚೆ ದಡದಲ್ಲಿ ಸತ್ತವರು ಕತ್ತೆಯಾಗಿ ಹುಟ್ಟುತ್ತಾರೆ. ನಾನು ವಾರಕ್ಕೆ ನಾಲ್ಕು ಸಲ ದಾಟುತ್ತೇನೆ, ನನ್ನದು ಗ್ಯಾರಂಟಿ."

ಆಯಿಗೆ ಕತ್ತೆ ಎಂಬ ಮಾತು ತಿಳಿಯಿತು. "ಅಂವ ಈಗೇನ್ ಕಡಿಮಿ ಅದಾನು, ಕೇಳು" ಅಂದಳು. ನಾನು ಅದನ್ನು ಹಿಂದಿಗೆ ತಿರುಗಿಸಿದೆ. ಜೀಪು ಅಲುಗುವಷ್ಟು ನಕ್ಕೆವು.

ಜೀಪು ರಾಜಘಾಟಿನ ಸೇತುವೆ ಹತ್ತಿತು. ಕೆಳಗೆ ರೈಲು ಹೋಗುತ್ತಿತ್ತು, ಸೇತುವೆ ನಡುಗುತ್ತಿತ್ತು. ಆಯಿ ಹಿಂದಕ್ಕೆ ತಿರುಗಿ ಘಾಟುಗಳ ಸಾಲು ನೋಡುತ್ತಿದ್ದಳು. ಅಷ್ಟು ವರ್ಷ ಅದರೊಳಗೇ ಇದ್ದವಳು ಅದನ್ನು ಹೊರಗಿಂದ ನೋಡಿರಲಿಲ್ಲ. ಕಣ್ಣು ನನ್ನ ಕಡೆ ಬಂದಾಗ ನಾನು ಕ್ಯಾಸೆಟ್ಟಿನ ಸದ್ದು ಹೆಚ್ಚಿಸಲು ಹೇಳಿದೆ.

ಮುಗಲ್‌ಸರಾಯಿಯ ಲಾರಿಗಳ ಗದ್ದಲ ದಾಟಿದ ಮೇಲೆ ಭತ್ತದ ಗದ್ದೆಗಳು, ಚಕಿಯಾ ಬಿಟ್ಟ ಮೇಲೆ ಗುಡ್ಡ. ಗಲ್ಲಿಯಲ್ಲಿ ಬೆಳೆದ ನನಗೆ ಆಕಾಶ ಅಂದರೆ ಎರಡು ಗೋಡೆಗಳ ನಡುವಿನ ಪಟ್ಟಿ. ಇಲ್ಲಿ ಅದು ಎಲ್ಲಿ ಮುಗಿಯುತ್ತದೆಂದೇ ಗೊತ್ತಾಗಲಿಲ್ಲ. ಕಾಡಿನಲ್ಲಿ ಚೀತಲ್ ಜಿಂಕೆಗಳು ರಸ್ತೆಗೆ ಅಡ್ಡ ಬಂದು ನಿಂತವು. ಭೈಯಾ ಎಂಜಿನ್ ಆರಿಸಿದ. ಆಯಿ ಕೈ ಮುಗಿದಳು.

"ಯಾಕ ಆಯಿ, ಅವೇನ್ ದೇವ್ರಾ?"

"ಎದುರು ಬಂದು ನಿಂತಾವ. ಮುಗುದ್ರೇನು ಕಡಿಮಿ ಆಕ್ಕೈತಿ?"

ದೇವದರಿಯ ಸದ್ದು ಮೊದಲು ಬಂತು, ಆಮೇಲೆ ನೀರು. ಕಣಿವೆಯೊಳಗೆ ಬಿಳಿಯ ಒಂದು ಗೋಡೆಯೇ ಕಳಚಿ ಬೀಳುತ್ತಿದ್ದ ಹಾಗೆ. ತುಂಬ ನೀರಿದ್ದ ಕಾಲ, ಅರಣ್ಯದ ಚೌಕೀದಾರ ಯಾರನ್ನೂ ಅಂಚಿನ ಆಚೆ ಬಿಡಲಿಲ್ಲ. ಆಯಿ ಕಂಬಿ ಹಿಡಿದು ನಿಂತಳು. ಸೆರಗು ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ. ನಾವು ಮೂವರೂ ಫೋಟೋ ತೆಗೆಸಿಕೊಂಡೆವು, ಓಡಾಡಿದೆವು, ಕೂಗಿದೆವು. ಆಯಿ ಅಲ್ಲೇ ನಿಂತಿದ್ದಳು. ನಾನು ಹತ್ತಿರ ಹೋದಾಗ, ನೀರಿನಿಂದ ಕಣ್ಣು ಕೀಳದೆ, "ನನ್ನ ಮಗಳು ನೋಡ್ಬೇಕಾಗಿತ್ತು" ಅಂದಳು. ಮಗಳು ತೀರಿಕೊಂಡ ಮೇಲೆ ಅವಳ ಬಗ್ಗೆ ಆಯಿ ಆಡಿದ ಮೊದಲ ಮಾತು ಅದು.

ಆಗ ಅವಳು ಕೆಳಗೆ ನೋಡಿಕೊಂಡಳು. ನಾನೂ ನೋಡಿದೆ. ಬೆವರಿಗೆ, ತುಂತುರಿಗೆ, ಬಂಡೆಯ ಮೇಲಿನ ನಡಿಗೆಗೆ ಚಪ್ಪಲಿಯ ಮಣ್ಣು ಎಲ್ಲ ತೊಳೆದು ಹೋಗಿತ್ತು. ನೀಲಿ ಪಟ್ಟಿ, ಬಿಳಿ ರಬ್ಬರು, ಅದರ ಮೇಲೆ ಅವಳ ಬೆಳ್ಳಗಾದ ಬೆರಳುಗಳು.

ಅವಳು ಕಾಲುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಯಾರದೋ ಮನೆಗೆ ಹೇಳದೆ ನುಗ್ಗಿದವಳ ಹಾಗೆ ನಿಂತಳು. ಜೀಪಿನವರೆಗೆ ನನ್ನ ಭುಜ ಹಿಡಿದೇ ಬಂದಳು. ಒಳಗೆ ಕೂತ ಮೇಲೆ ಕಾಲು ಮೇಲಕ್ಕೆ ಎತ್ತಿ ಸೀಟಿನ ಮೇಲೆ ಮಡಚಿಕೊಂಡಳು.

ವಾಪಸ್ ಬರುತ್ತ ಚಕಿಯಾಕ್ಕಿಂತ ಮೊದಲು ಒಂದು ಅಣೆಕಟ್ಟಿನ ಹತ್ತಿರ ಊಟಕ್ಕೆ ನಿಲ್ಲಿಸಿದೆವು. ದಡದ ಮೇಲೆ ಒಂದು ದರ್ಗಾ, ಮರದ ನೆರಳು, ಕೆಳಗೆ ಮೆಟ್ಟಿಲಿನ ಹಾಗೆ ಜಾರುವ ನೀರು. ಗೆಳತಿಯರು ಪೂರಿ, ಆಲೂ, ಜಿಲೇಬಿ ಬಿಚ್ಚಿದರು. ಊರಿನ ಯಾತ್ರಿಕರು ತಂದ ಜೋಳದ ಹಿಟ್ಟಿನಲ್ಲಿ ಅಪ್ಪ ರೊಟ್ಟಿ ಬಡಿದು ಕಟ್ಟಿಕೊಟ್ಟಿದ್ದ, ಜೊತೆಗೆ ಶೇಂಗಾ ಚಟ್ನಿ. ಆಯಿಗೆ ಇಷ್ಟವಾದದ್ದು ಅಂತಲೇ.

ಆಯಿ ಮುಟ್ಟಲಿಲ್ಲ. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮುಖ ಬಾಡಿತ್ತು.

"ತಲೀ ಮ್ಯಾಲ ನೀರು ಹಾಕ್ಕೊಳ್ಳದ ನಾ ಉಣ್ಣಂಗಿಲ್ಲ, ತಂಗಿ. ಮಣ್ಣು ಹೋಗೈತಿ. ಹೊಳಿ ನೀರಾದ್ರೂ ಹಾಕ್ಕೋತೀನಿ. ಈ ಹೊಳೀ ಹೆಸರೇನು?"

ಹೆಸರು ಯಾಕೆ ಬೇಕಿತ್ತೆಂದರೆ, ನದಿಯ ನೀರು ತಲೆಗೆ ಹಾಕಿಕೊಳ್ಳುವಾಗ ಹೆಸರು ಹಿಡಿದು ಕರೆಯಬೇಕು. ದಿನಾ ಬೆಳಗ್ಗೆ ಗಂಗೆಯನ್ನು ಹಾಗೆಯೇ ಕರೆಯುತ್ತಿದ್ದಳು.

ಅದು ಕರ್ಮನಾಶಾ.

ಕಾಶಿಯಲ್ಲಿ ಬೆಳೆದ ಯಾವ ಮಗುವಿಗೂ ಇದು ಗೊತ್ತು. ಅದರ ನೀರು ಸೋಕಿದರೆ ಅಲ್ಲಿಯ ತನಕ ಗಳಿಸಿದ ಪುಣ್ಯವೆಲ್ಲ ಹೋಗುತ್ತದೆ. ಹಿಂದೆ ಆ ದಾರಿಯಲ್ಲಿ ಬರುವ ಯಾತ್ರಿಕರು ಕಾಲಿಗೆ ಹನಿ ತಾಗದಿರಲೆಂದು ಇನ್ನೊಬ್ಬರ ಹೆಗಲೇರಿ ದಾಟುತ್ತಿದ್ದರಂತೆ. ಭೈಯಾ ಕೂಡ ಕೈ ತೊಳೆಯಲು ಜೀಪಿನಲ್ಲಿದ್ದ ಕ್ಯಾನಿನ ನೀರನ್ನೇ ಇಳಿಸಿದ್ದ. ಆ ನೀರು ಆಯಿಗೆ ಆಗದು, ಅದು ಡಬ್ಬಿಯ ನೀರು, ನದಿಯದಲ್ಲ. ಅವಳು ಕನ್ನಡದಲ್ಲಿ ಕೇಳಿದ್ದು ಬೇರೆ ಯಾರಿಗೂ ಅರ್ಥವಾಗಲಿಲ್ಲ. ಉತ್ತರ ನನ್ನೊಬ್ಬಳದು.

ನಿಜ ಹೇಳಿದರೆ ಅವಳು ಉಣ್ಣುವುದಿಲ್ಲ. ಸಂಜೆ ತನಕ ಹಾಗೇ. ಅವಳು ಹಾಗೆ ಕೂತಿದ್ದರೆ ನಾವು ಜಿಲೇಬಿ ತಿನ್ನುವುದು ಹೇಗೆ? ಇದೂ ನನ್ನ ಮನಸ್ಸಿನಲ್ಲಿ ಬಂತು, ಇಲ್ಲವೆನ್ನಲಾರೆ. ನೀರು ನೀರೇ, ಇದೆಲ್ಲ ಮೂಢನಂಬಿಕೆ ಎಂದು ಕಾಲೇಜಿನ ಚರ್ಚಾಕೂಟದಲ್ಲಿ ಮಾತಾಡಿ ಕಪ್ ಗೆದ್ದವಳು ನಾನು.

"ಚಂದ್ರಪ್ರಭಾ" ಅಂದೆ.

"ಚಂದ ಐತಿ ಹೆಸರು" ಅಂದಳು ಆಯಿ.

ಚಪ್ಪಲಿ ಬಿಟ್ಟು ಮೆಟ್ಟಿಲಿಳಿದಳು. ಬೊಗಸೆಯಲ್ಲಿ ನೀರು ಎತ್ತಿ, ತಾಯಿ ಚಂದ್ರಪ್ರಭಾ ಎಂದು ಕರೆದು, ತಲೆಯ ಮೇಲೆ ಸುರಿದುಕೊಂಡಳು. ಮೂರು ಸಲ. ನೆತ್ತಿಯಿಂದ ಇಳಿದ ನೀರು ವಿಭೂತಿ ಅಳಿಸಿ ಗದ್ದದಿಂದ ತೊಟ್ಟಿಕ್ಕಿತು. ಭೈಯಾ ಬಾಯಿಯ ತುತ್ತು ನುಂಗದೆ ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ ಬೇಡ ಎಂದೆ. ಅವನು ತಲೆ ತಗ್ಗಿಸಿದ. ಆಯಿ ಬಂದು ಕೂತು ಎರಡು ರೊಟ್ಟಿ ತಿಂದಳು, ಅರ್ಧ ಜಿಲೇಬಿಯನ್ನೂ ತಿಂದಳು. ಅವಳ ಮುಖಕ್ಕೆ ಬಣ್ಣ ಬಂತು. ನಾನು ಕೈಯಲ್ಲಿದ್ದ ಪೂರಿ ಕೆಳಗಿಟ್ಟೆ. ಚಂದ್ರಪ್ರಭೆಯೂ ಮುಂದೆ ಹೋಗಿ ಇದಕ್ಕೇ ಸೇರುತ್ತದೆ, ಹಾಗಾದರೆ ಪೂರ್ತಿ ಸುಳ್ಳಲ್ಲ ಎಂದು ಲೆಕ್ಕ ಹಾಕುತ್ತ ಕೂತಿದ್ದೆ.

ಮರುದಿನ ಮಠದಲ್ಲಿ ನಾನು ಮಜ್ಜಿಗೆ ಬಡಿಸುತ್ತಿದ್ದೆ. ಆಯಿ ಎರಡನೆಯ ಎಲೆಯ ಹಿರಿಯಳಿಗೆ ಎಲ್ಲ ಹೇಳುತ್ತಿದ್ದಳು. ಮೇಲಿಂದ ಬೀಳುವ ನೀರು, ಜಿಂಕೆ, ಮಣ್ಣಿನ ಚಪ್ಪಲಿ. ಸಾಲಿನವರು ಊಟ ನಿಲ್ಲಿಸಿ ಕೇಳುತ್ತಿದ್ದರು.

"ಮಣ್ಣು ಹ್ವಾತು ಖರೇ. ಆದ್ರ ಚಂದ್ರಪ್ರಭಾದಾಗ ತಲೀ ತೋಯಿಸ್ಕೊಂಡೆ. ಒಂದು ಕಟ್ಟಿ ಐತಿ, ದಂಡೀ ಮ್ಯಾಲ ದರ್ಗಾ ಐತಿ. ಭಾಳ ತಂಪು."

ಎರಡನೆಯ ಎಲೆಯವಳು ಕಾಶೀವಾಸ ಹಿಡಿಯುವ ಮೊದಲು ಆ ಸೀಮೆಯಲ್ಲಿ ಓಡಾಡಿದವಳು. "ದರ್ಗಾ ಇರೂ ಕಟ್ಟೀನಾ? ಅದು ಕರ್ಮನಾಶಾ ಅಲ್ಲೇನ ಬೇ?" ಅಂದಳು. ಅವಳ ದನಿಯಲ್ಲಿ ಕುಹಕ ಇರಲಿಲ್ಲ. ಹೆದರಿಕೆ ಇತ್ತು.

ಆಯಿ ತಲೆ ಎತ್ತಿ ನನ್ನ ಕಡೆ ನೋಡಿದಳು. ನನ್ನ ಕೈಯಲ್ಲಿ ಮಜ್ಜಿಗೆಯ ಸೌಟು ಇತ್ತು. ಅಲ್ಲಿ ನಾನು ನಿಂತೆ. ಅವಳಿಗೆ ಅಷ್ಟು ಸಾಕಾಯಿತು.

ಅದರ ಮರುದಿನ ಅಪ್ಪ ಸಾರಿನ ಪಾತ್ರೆ ಹಿಡಿದು ಬಂದಾಗ ಮೂರನೆಯ ಜಾಗ ಖಾಲಿ ಇತ್ತು. ಆಯಿ ತುದಿಯಲ್ಲಿ, ನಲ್ಲಿಯ ಪಕ್ಕ, ಹಿಂದಿನ ತಿಂಗಳಷ್ಟೇ ಬಂದಿದ್ದ ಗದಗಿನ ಕಡೆಯ ಹೆಂಗಸಿಗಿಂತ ಕೆಳಗೆ ಕೂತಿದ್ದಳು. ಮಠದವರು ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಹೋದದ್ದು ಹೋಯಿತು, ಇವತ್ತಿನಿಂದ ಹೊಸದಾಗಿ ಶುರು ಎಂದು ಅವಳೇ ಲೆಕ್ಕ ಹಾಕಿಕೊಂಡಿದ್ದಳು.

ಮನೆಯಲ್ಲಿ ಅಪ್ಪ ಕೇಳಿದ. ನಾನು ಎಲ್ಲ ಹೇಳಿದೆ, ಮಳೆಗಾಲದ ಶ್ಲೋಕವನ್ನೂ ಸೇರಿಸಿ. ಬೈಯುತ್ತಾನೆಂದುಕೊಂಡಿದ್ದೆ. ಅವನು ಬೈಯಲಿಲ್ಲ. ಗೂಡಿನಲ್ಲಿಟ್ಟಿದ್ದ ಆ ಫಲಿತಾಂಶದ ಪೇಪರನ್ನು ತೆಗೆದು ನೋಡಿ, ಮತ್ತೆ ಅಲ್ಲೇ ಇಟ್ಟ. ಮರುದಿನ ಮಠದಲ್ಲಿ ಸಾರಿನ ಪಾತ್ರೆಯನ್ನು ನೇರ ತುದಿಗೆ ಒಯ್ದು ಆಯಿಯ ಎಲೆಗೆ ಮೊದಲು ಬಡಿಸಲು ಬಗ್ಗಿದ. ಅವಳು ಎಲೆಯ ಮೇಲೆ ಅಡ್ಡ ಕೈ ಹಿಡಿದಳು.

"ಸಾಲು ಹಿಡ್ಕೊಂಡು ಬಾರಪ್ಪ. ನಾ ಹೊಸಬಾಕಿ."

ಅಪ್ಪ ಬಾಗಿಲಿಗೆ ವಾಪಸ್ ಹೋಗಿ ಮೊದಲಿನಿಂದ ಬಡಿಸುತ್ತ ಬಂದ.

ನಾನು ಅವಳ ಖೋಲಿಗೆ ಹೋಗಿ ಕೂತೆ. ಅವಳು ಬತ್ತಿ ಹೊಸೆಯುತ್ತಿದ್ದಳು. ಒಂದು ಬತ್ತಿ ಮುಗಿಸಿ ಪಕ್ಕಕ್ಕಿಟ್ಟು, "ನಾ ಹೆಸರು ಕೇಳಿದ್ನೆಲ್ಲ, ತಂಗಿ" ಅಂದಳು.

"ನೀ ಹಸ್ದಿದ್ದಿ ಆಯಿ."

"ಹಸಿದಿದ್ದೆ ಖರೇ. ನಾ ಕೇಳಿದ್ದು ಹೆಸರು."

ಅಷ್ಟೇ ಅಂದದ್ದು. ಮಾತು ಬಿಡಲಿಲ್ಲ, ಬಾಗಿಲು ಮುಚ್ಚಲಿಲ್ಲ. ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಾಗ ಹಣೆಗೆ ವಿಭೂತಿ ಹಚ್ಚಿದಳು. ದೇವದರಿಯ ಫೋಟೋ ಬಂದಾಗ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಒಂದು ಮಾತ್ರ ಬದಲಾಗಿತ್ತು. ನಾನು ಏನೇ ಹೇಳಲಿ, ಬಾಳೆಹಣ್ಣು ಎಷ್ಟಕ್ಕೆ ಬಂತು, ಇವತ್ತು ಏಕಾದಶಿಯೋ ಅಲ್ಲವೋ, ಅವಳು "ಖರೇನಾ?" ಎಂದು ಕೇಳುತ್ತಿದ್ದಳು. ಚುಚ್ಚಲು ಅಲ್ಲ. ಹೊಸ್ತಿಲು ದಾಟುವಾಗ ಕಾಲೆತ್ತುವ ಹಾಗೆ, ಅಭ್ಯಾಸಬಲದಿಂದ. ನಾನು "ಖರೇ ಆಯಿ" ಅನ್ನುತ್ತಿದ್ದೆ. ಪ್ರತಿ ಸಲವೂ ನನ್ನ ದನಿ ತಡವರಿಸುತ್ತಿದೆಯೇ ಎಂದು ನಾನೇ ಕೇಳಿಸಿಕೊಳ್ಳುತ್ತಿದ್ದೆ.

ಸಾಲಿನಲ್ಲಿ ಮೇಲಿನವರು ಒಬ್ಬೊಬ್ಬರೇ ಹೋದರು, ಕೆಳಗೆ ಹೊಸಬರು ಬಂದರು. ಆಯಿ ಮತ್ತೆ ಒಂದೊಂದು ಎಲೆ ಮೇಲೆ ಸರಿಯುತ್ತ ಬಂದಳು. ನಡುವಿನ ತನಕ ಬಂದಿದ್ದಳು, ಅಷ್ಟರಲ್ಲಿ ಹಾಸಿಗೆ ಹಿಡಿದಳು.

ಕೊನೆಯ ಮಧ್ಯಾಹ್ನ ನಾನು, ಅಪ್ಪ ಇಬ್ಬರೂ ಹತ್ತಿರ ಇದ್ದೆವು. ಉಸಿರು ಮೇಲಾಗಿತ್ತು. ನಾನು ಗೂಡಿನಲ್ಲಿದ್ದ ತಾಮ್ರದ ತಂಬಿಗೆ ತೆಗೆದು, ಚಮಚದಲ್ಲಿ ನೀರು ಅವಳ ತುಟಿಗೆ ಹಿಡಿದೆ. ಆಯಿ ಕಣ್ಣು ತೆರೆದಳು. ಬಾಯಿ ತೆರೆಯಲಿಲ್ಲ.

"ಇದು ಗಂಗೀನಾ?"

"ಹೌದು ಆಯಿ. ಮುಂಜಾನೆ ನಾನೇ ಘಾಟಿನಿಂದ ತಂದೀನಿ."

"ಖರೇನಾ?"

"ಖರೇ ಆಯಿ."

ನಾನು ತಡವರಿಸಲಿಲ್ಲ. ಆದರೆ ಅವಳ ಕಣ್ಣು ನನ್ನನ್ನು ದಾಟಿ ನನ್ನ ಹಿಂದೆ ಹೋಯಿತು. ಅಲ್ಲಿ ಅಪ್ಪ ನಿಂತಿದ್ದ, ತನ್ನ ಹೆಸರಿನ ಆಚೆ ಒಂದು ಅಕ್ಷರ ಓದದವನು. ಅವನು ನಿಧಾನವಾಗಿ ಹೌದೆಂದು ತಲೆ ಆಡಿಸಿದ.

ಆಮೇಲೆ ಅವಳು ಬಾಯಿ ತೆರೆದಳು.